ಸ್ಟಾಂಪ್ ಮಾಸ್ಟರ ಹೂವಿನ ಪಾತಿ

ನಮ್ಮವರು ಮೂವತ್ತೆರಡು ವರ್ಷ ರಬ್ಬರ್ ಸ್ಟಾಂಪು ಕೆತ್ತಿದವರು. ಬಸ್ ನಿಲ್ದಾಣದ ಎದುರಿಗೆ, ಮಹಡಿ ಮೆಟ್ಟಿಲ ಕೆಳಗೆ ಇವರದೊಂದು ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಗೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲೇ ನಿಲ್ಲಬೇಕಿತ್ತು. ಒಳಗೆ ಒಂದು ಸ್ಟೂಲು, ಒಂದು ದೀಪ, ಒಂದು ಭೂತಗನ್ನಡಿ, ಕೆಂಪು ರಬ್ಬರಿನ ಹಾಳೆಗಳು ಮತ್ತು ಸಣ್ಣ ಚಾಕುಗಳು. ಸ್ಟಾಂಪಿನ ಅಕ್ಷರವನ್ನು ಎಡಬಲ ತಿರುಗಿಸಿ ಕೆತ್ತಬೇಕು, ಆಗಲೇ ಕಾಗದದ ಮೇಲೆ ಒತ್ತಿದಾಗ ಅದು ನೇರವಾಗಿ ಮೂಡುತ್ತದೆ. ಬೇರೆಯವರು ಮೊದಲು ಪೆನ್ಸಿಲಿನಲ್ಲಿ ಬರೆದು, ಕನ್ನಡಿ ಹಿಡಿದು ನೋಡಿ, ಆಮೇಲೆ ಚಾಕು ಮುಟ್ಟುತ್ತಿದ್ದರು. ನಮ್ಮವರು ಗಿರಾಕಿ ಹೇಳಿದ್ದನ್ನು ಕಿವಿಯಲ್ಲಿ ಕೇಳುತ್ತ ಕೈಯಲ್ಲಿ ಉಲ್ಟಾ ಕೆತ್ತುತ್ತಿದ್ದರು. ಊರೆಲ್ಲ ಇವರನ್ನು ಸ್ಟಾಂಪ್ ಮಾಸ್ಟರು ಎನ್ನುತ್ತಿತ್ತು. ಎಷ್ಟು ಜನ ಅಧಿಕಾರಿಗಳು ಇವರ ಕೈಯಿಂದ ಅಧಿಕಾರಿಗಳಾದರೋ ಲೆಕ್ಕವಿಲ್ಲ ಎಂದು ನಾನು ರೇಗಿಸುತ್ತಿದ್ದೆ.

ಆಮೇಲೆ ಕಂಪ್ಯೂಟರಿನಲ್ಲಿ ಹತ್ತು ನಿಮಿಷಕ್ಕೆ ಸ್ಟಾಂಪು ತೆಗೆಯುವ ಯಂತ್ರಗಳು ಬಂದವು. ಇವರು ಯಾರನ್ನೂ ಬೈಯಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಎಳೆದು, ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಬಂದವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಅಲ್ಲಿಂದ ಏಳಲೇ ಇಲ್ಲ.

ನಾನು ಒಂದನೇ ಕ್ಲಾಸಿನ ಟೀಚರು. ಬೆಳಿಗ್ಗೆ ಎಂಟಕ್ಕೆ ಹೊರಟಾಗ ಪೇಪರಿನ ಯಾವ ಪುಟ ಇವರ ಕೈಯಲ್ಲಿರುತ್ತಿತ್ತೋ ಸಂಜೆ ನಾಲ್ಕಕ್ಕೆ ಬಂದಾಗಲೂ ಅದೇ ಪುಟ. ಹೀಗೆ ಆರು ತಿಂಗಳು. ಕಣ್ಣೆದುರಿಗೇ ಮನುಷ್ಯ ಕರಗಿಹೋಗುತ್ತಿದ್ದಾರೆ ಎಂದು ನನಗೆ ಭಯವಾಗಿತ್ತು. ಭಯವನ್ನು ಬಾಯಿಬಿಟ್ಟು ಹೇಳಲು ಬಾರದವಳು ನಾನು, ಆದ್ದರಿಂದ ಬೈಯುತ್ತಿದ್ದೆ. ಬೈದಿದ್ದಕ್ಕೂ ಇವರು ತಿರುಗಿ ಏನೂ ಅನ್ನುತ್ತಿರಲಿಲ್ಲ. ಅದಂತೂ ಇನ್ನೂ ಕೆಟ್ಟದ್ದು.

ನಾವಿರುವ ಕಟ್ಟಡದಲ್ಲಿ ಹನ್ನೆರಡು ಮನೆ. ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ನಲವತ್ತು ಅಡಿ ಉದ್ದದ, ನಾಲ್ಕು ಅಡಿ ಅಗಲದ ಒಂದು ಪಟ್ಟಿ ಜಾಗ ಬಿದ್ದಿತ್ತು. ಕಟ್ಟುವಾಗ ಮಿಕ್ಕಿದ ಇಟ್ಟಿಗೆ ಚೂರು, ಗಾರೆ, ತಂತಿ ಎಲ್ಲ ಅಲ್ಲೇ. ಒಂದು ಭಾನುವಾರದ ಸಭೆಯಲ್ಲಿ ನಮ್ಮ ಅಧ್ಯಕ್ಷರು, ಅದಕ್ಕೆ ಕಾಂಕ್ರೀಟು ಹಾಕಿಸಿ ಸ್ಕೂಟರುಗಳನ್ನು ನಿಲ್ಲಿಸೋಣ ಎಂದರು. ಅವರು ಬಸ್ ಡಿಪೋದಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ವಾಹನಗಳು ಸಾಲಾಗಿ ನಿಂತಿದ್ದರೆ ಮಾತ್ರ ಅವರಿಗೆ ನಿದ್ದೆ ಹತ್ತುತ್ತದೆ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಬಂತು.

"ಅಲ್ಲಿ ಹೂವು ಹಾಕಬಹುದು."

ಎಲ್ಲರೂ ತಿರುಗಿ ನೋಡಿದರು. ನಾನೂ ನೋಡಿದೆ. ಮಾತಾಡಿದ್ದು ನಮ್ಮವರು.

"ಯಾರು ಹಾಕ್ತಾರೆ?" ಎಂದರು ಅಧ್ಯಕ್ಷರು.

"ನಾನೇ."

"ಗಿಡದ ಕೆಲಸ ಗೊತ್ತಾ ನಿಮಗೆ?"

"ಇಲ್ಲ."

ಜನ ನಕ್ಕರು. ನಮ್ಮ ಮೇಲಿನ ಮನೆಯಾಕೆ ಮಾತ್ರ ನಗಲಿಲ್ಲ. ಆಕೆಯ ಮನೆಯಲ್ಲಿ ಎರಡು ಸ್ಕೂಟರು. "ಅಲ್ಲೀತನಕ ನನ್ನ ಗಾಡಿಗಳು ರಸ್ತೇಲಿ ಗೀಚಿಸಿಕೊಂಡು ನಿಂತಿರಲಿ ಅಂತೀರಾ?" ಎಂದು ಕೇಳಿದಳು. ಅಧ್ಯಕ್ಷರು ಬಿಗಿ ಮನುಷ್ಯ, ಆದರೆ ನ್ಯಾಯವಂತರು. "ನಾಲ್ಕು ತಿಂಗಳು ಟೈಮು. ಮುಂದಿನ ಸಭೆ ಅಲ್ಲೇ, ಆ ಜಾಗದ ಪಕ್ಕದಲ್ಲೇ ಮಾಡೋಣ. ಹೂವಿನ ಪಾತಿ ಅನ್ನೋ ಹಾಗೆ ಕಂಡರೆ ಉಳೀತು. ಇಲ್ಲಾಂದ್ರೆ ಮಾರನೇ ದಿನವೇ ಕಾಂಕ್ರೀಟು. ಕೈ ಎತ್ತಿ ತೀರ್ಮಾನ ಮಾಡೋಣ," ಎಂದರು.

ಮರುದಿನ ಇವರು ಕುರ್ಚಿಯಿಂದ ಎದ್ದರು. ನನಗೆ ಅಷ್ಟು ಸಾಕಾಗಿತ್ತು. ಹೂವು ಬರಲಿ ಬಿಡಲಿ, ಈ ಮನುಷ್ಯ ಮತ್ತೆ ಆ ಕುರ್ಚಿಗೆ ವಾಪಸ್ ಹೋಗದಿದ್ದರೆ ಸಾಕು ಎಂದುಕೊಂಡೆ. ಆ ಪಟ್ಟಿ ಜಾಗ ಕೈತಪ್ಪಿದರೆ ವಾಪಸ್ ಹೋಗೇ ಹೋಗುತ್ತಾರೆ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು.

ಕಲ್ಲು ಮಣ್ಣು ಎತ್ತಿಹಾಕುವುದಕ್ಕೇ ಇಪ್ಪತ್ತೆರಡು ದಿನ ಹಿಡಿಯಿತು. ಜೀವಮಾನವೆಲ್ಲ ಚಾಕುವಿಗಿಂತ ಭಾರದ್ದನ್ನು ಹಿಡಿಯದ ಕೈಗಳು. ಪಿಕಾಸಿ ಹಿಡಿದು ಮೂರನೇ ದಿನಕ್ಕೆ ಬೊಬ್ಬೆ ಎದ್ದವು. ಎಣ್ಣೆ ಹಚ್ಚಿಕೊಂಡು ನಾಲ್ಕನೇ ದಿನ ಮತ್ತೆ ಹೋದರು. ಎರಡಡಿ ಆಳದಿಂದ ಒಂದು ಬಾಗಿಲ ಕೀಲು, ಒಂದು ಎಡಗಾಲಿನ ಚಪ್ಪಲಿ, ಒಂದು ಇಡೀ ಸಿಂಕು ಹೊರಬಂದವು. ಸಿಂಕನ್ನು ತೊಳೆದು ನನಗೆ ತೋರಿಸಿದರು, ನಿಧಿ ಸಿಕ್ಕವರ ಹಾಗೆ. ಅದನ್ನು ಮನೆಯೊಳಗೆ ತಂದರೆ ನಾನು ಹೊರಗೆ ಹೋಗುತ್ತೇನೆ ಎಂದೆ.

ರಸ್ತೆಯ ಕೊನೆಯಲ್ಲಿ ಒಬ್ಬ ಹೆಂಗಸು ಗಿಡಗಳ ನರ್ಸರಿ ನಡೆಸುತ್ತಾಳೆ. ಎಲ್ಲರಿಗೂ ಅವಳು ನರ್ಸರಿ ಅಕ್ಕ. ಒಂದೊಂದು ಗಿಡದ ಜೊತೆಗೂ ಒಂದೊಂದು ಬೈಗುಳ ಉಚಿತ. ನಮ್ಮವರು ಹೋಗಿ ಚೆನ್ನಾಗಿರುವ ಗಿಡ ಕೊಡಿ ಎಂದಾಗ ಅವಳು ಕೈಯ ಮಣ್ಣನ್ನೂ ಕೊಡವಲಿಲ್ಲ.

"ಗಿಡ ಆಮೇಲೆ. ಮೊದಲು ಬಿಸಿಲು ನೋಡ್ಕೊಂಡು ಬನ್ನಿ. ಎಲ್ಲಿ ಎಷ್ಟು ಹೊತ್ತು ಬೀಳುತ್ತೆ ಅಂತ ಬರ್ಕೊಂಡು ಬನ್ನಿ. ಬಿಸಿಲಿನ ಗಿಡ ನೆರಳಲ್ಲಿಟ್ಟು, ನೆರಳಿನ ಗಿಡ ಬಿಸಿಲಲ್ಲಿಟ್ಟು, ಆಮೇಲೆ ನನ್ನ ಗಿಡ ಸರಿ ಇಲ್ಲ ಅಂತ ಬರೋರನ್ನ ಬೇಕಾದಷ್ಟು ನೋಡಿದೀನಿ."

ಇಂಥ ಕೆಲಸವೆಂದರೆ ಇವರಿಗೆ ಬೆಲ್ಲ. ಗೇಟಿನ ತುದಿಯಿಂದ ಶುರುಮಾಡಿ ಗೋಡೆಯ ಮೇಲೆ ಅಡಿಗೊಂದರಂತೆ ಸೀಮೆಸುಣ್ಣದಲ್ಲಿ ಒಂದರಿಂದ ನಲವತ್ತು ಬರೆದರು. ಒಂದು ವಾರ ಗಂಟೆಗೊಮ್ಮೆ ಹೋಗಿ ನಿಂತು, ಯಾವ ಅಡಿಗೆ ಬಿಸಿಲಿದೆ, ಯಾವುದಕ್ಕಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದರು. ಗೇಟಿನ ಪಕ್ಕ ಐದು ಮಹಡಿಯ ಕಟ್ಟಡ ಇರುವುದರಿಂದ ಮೊದಲ ಹದಿನಾಲ್ಕು ಅಡಿಗೆ ಬಿಸಿಲು ಬರುವುದು ದಿನಕ್ಕೆ ಒಂದು ಗಂಟೆಯಷ್ಟೇ. ನಡುವಿನ ಹನ್ನೆರಡು ಅಡಿಗೆ ಅರ್ಧ ದಿನ. ಪಂಪಿನ ಮನೆ ಕಡೆಯ ಕೊನೆಯ ಹದಿನಾಲ್ಕು ಅಡಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಚುರುಕು ಬಿಸಿಲು. ನೋಟ್‌ಬುಕ್ಕು ನೋಡಿ ನರ್ಸರಿ ಅಕ್ಕ ಬೈಯಲಿಲ್ಲ. ಅವಳ ಮಟ್ಟಿಗೆ ಅದು ಸನ್ಮಾನ.

ಆಮೇಲೆ ಪ್ಲ್ಯಾನು. ಚೌಕ ಚೌಕವಾಗಿ ಗೆರೆ ಇರುವ ದೊಡ್ಡ ಹಾಳೆ ತಂದು, ಒಂದು ಚೌಕ ಒಂದು ಅಡಿ ಎಂದು ಲೆಕ್ಕ ಹಿಡಿದು, ಮೂರು ದಿನ ಊಟದ ಮೇಜನ್ನು ಬಿಟ್ಟುಕೊಡಲಿಲ್ಲ. ಬಿಸಿಲಿನ ಕಡೆಗೆ ಹಿಂದೆ ಎತ್ತರದ ದಾಸವಾಳ, ನಡುವೆ ಜೀನಿಯಾ, ಮುಂದೆ ಗಿಡ್ಡ ಚೆಂಡುಹೂ. ನೆರಳಿನ ಕಡೆಗೆ ಜರೀಗಿಡ, ಬಿಗೋನಿಯಾ, ಬಣ್ಣದೆಲೆಯ ಕ್ಯಾಲೇಡಿಯಂ. ನಡುವೆ ಗುಲಾಬಿ. ಒಟ್ಟು ತೊಂಬತ್ತಾರು ಗಿಡ, ಪ್ರತಿಯೊಂದಕ್ಕೂ ದುಂಡನೆಯ ಒಂದು ಗುರುತು, ಒಳಗೆ ಮುತ್ತಿನಂಥ ಅಕ್ಷರದಲ್ಲಿ ಹೆಸರು. ನಾನು ಬಗ್ಗಿ ನೋಡಿ, "ಗೇಟು ಯಾವ ಕಡೆ ಅಂತ ಬರೆದೇ ಇಲ್ವಲ್ಲ ರೀ?" ಎಂದೆ.

"ಗೇಟು ಎಲ್ಲಿದೆ ಅಂತ ನಂಗೆ ಗೊತ್ತಿಲ್ವಾ ಟೀಚರಮ್ಮ? ಅದನ್ನೂ ನೆಡಬೇಕಾ?"

ನಾನು ಬಾಯಿ ಮುಚ್ಚಿಕೊಂಡೆ. ನನ್ನ ಬಾಳಿನಲ್ಲಿ ಅದು ಅಪರೂಪದ ಘಟನೆ. ಇವರು ಹಳೆಯ ಪೆಟ್ಟಿಗೆಯಿಂದ ಯಾವುದೋ ಕಚೇರಿಯವರು ಒಯ್ಯದೇ ಬಿಟ್ಟುಹೋದ ಸ್ಟಾಂಪೊಂದನ್ನು ತೆಗೆದು ಪ್ಲ್ಯಾನಿನ ಮೂಲೆಗೆ ಒತ್ತಿದರು: ಅನುಮೋದಿಸಲಾಗಿದೆ.

ನೆಡುವ ವಾರ ಮೋಡ ಕವಿದು ಜಿಟಿಜಿಟಿ ಮಳೆ. ನೆರಳು ಯಾವುದು, ಬಿಸಿಲು ಯಾವುದು ಎಂದು ಆಕಾಶಕ್ಕೇ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಸೀಮೆಸುಣ್ಣವೂ ತೊಳೆದುಹೋಗಿತ್ತು. ಆದರೆ ಪ್ಲ್ಯಾನು ಇತ್ತಲ್ಲ. ಗೋಡೆಗೆ ಮುಖ ಮಾಡಿ ನಿಂತರೆ ಗೇಟು ಎಡಕ್ಕೆ. ಅಲ್ಲಿಂದ ಟೇಪು ಹಿಡಿದು, ಹಾಳೆಯ ಎಡತುದಿಯ ಚೌಕದಿಂದ ಒಂದೊಂದೇ ಓದುತ್ತ ಇವರು ಗುಂಡಿ ತೋಡಿದರು. ನಾನು ಗಿಡ ಕೊಡುತ್ತ ಹೋದೆ. ಒಂದಂಗುಲ ಆಚೀಚೆ ಆಗಲಿಲ್ಲ. ನೆಟ್ಟು ಮುಗಿದ ಸಂಜೆ ಇವರು ಸೊಂಟ ಹಿಡಿದುಕೊಂಡು ನಿಂತು ನೋಡಿದ ರೀತಿಗೆ ನನಗೂ ಜಂಬ ಬಂದಿತ್ತು.

ಮೋಡ ಸರಿದು ಬಿಸಿಲು ಬಂದ ಮೇಲೆ ಶುರುವಾಯಿತು ಗ್ರಹಚಾರ. ಜರೀಗಿಡದ ಅಂಚು ಕಂದಿತು, ಆಮೇಲೆ ಇಡೀ ಎಲೆಯೇ ಹಪ್ಪಳದ ಹಾಗೆ ಮುರಿಯತೊಡಗಿತು. ಚೆಂಡುಹೂವಿನ ಗಿಡಗಳೋ, ಉದ್ದಕ್ಕೆ ಬಳುಕಿಕೊಂಡು ಬೆಳೆದವು, ಒಂದು ಮೊಗ್ಗಿಲ್ಲ. ಇವರು ದಿನಕ್ಕೆರಡು ಸಲ ನೀರು ಹಾಕಿದರು, ಆಮೇಲೆ ನೀರು ನಿಲ್ಲಿಸಿದರು, ಗೊಬ್ಬರ ಹಾಕಿದರು, ಆಮೇಲೆ ಹಾಕಿದ ಗೊಬ್ಬರವನ್ನೇ ಬಾಚಿ ತೆಗೆದರು. ಅಧ್ಯಕ್ಷರು ಬೆಳಗಿನ ವಾಕಿಂಗಿನಲ್ಲಿ ಅಲ್ಲಿ ನಿಂತು, ಕೆಟ್ಟುನಿಂತ ಬಸ್ಸನ್ನು ನೋಡುವ ಹಾಗೆ ನೋಡಿ ಹೋಗುತ್ತಿದ್ದರು. ಒಂದು ದಿನ ಕಾಂಕ್ರೀಟಿನ ಮೇಸ್ತ್ರಿಯೂ ಬಂದು ಉದ್ದಗಲ ಅಳೆದುಕೊಂಡು ಹೋದ.

ಇವರು ಎರಡು ಎಲೆ ಕಿತ್ತುಕೊಂಡು ನರ್ಸರಿ ಅಕ್ಕನ ಹತ್ತಿರ ಓಡಿದರು. ಅವಳು ಜರೀಗಿಡದ ಎಲೆ ನೋಡಿ "ಬಿಸಿಲು ವಿಪರೀತ ಆಗಿದೆ" ಎಂದಳು. ಚೆಂಡುಹೂವಿನ ಎಲೆ ನೋಡಿ "ಇದಕ್ಕೆ ಬಿಸಿಲೇ ಬಿದ್ದಿಲ್ಲ" ಎಂದಳು.

"ಎರಡೂ ಒಂದೇ ಪಾತೀದು ಕಣಮ್ಮ," ಎಂದರಂತೆ ಇವರು. ಮನೆಗೆ ಬಂದು, ಆ ಹೆಂಗಸಿಗೆ ಏನೂ ಗೊತ್ತಿಲ್ಲ ಎಂದು ಹೇಳಿ, ಹತ್ತು ವಾರಗಳಿಂದ ಖಾಲಿ ಇದ್ದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು.

ಆ ಸಂಜೆ ನಾನು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ. ಒಂದನೇ ಕ್ಲಾಸಿನಲ್ಲಿ ಪ್ರತಿ ವರ್ಷ ಒಂದಿಬ್ಬರು ಅಕ್ಷರ, ಅಂಕಿ ಎಲ್ಲವನ್ನೂ ಎಡಬಲ ತಿರುಗಿಸಿ ಬರೆಯುವ ಮಕ್ಕಳಿರುತ್ತಾರೆ. ತಪ್ಪು ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಅವರ ಕಣ್ಣಿಗೆ ಅದು ಸರಿಯಾಗಿಯೇ ಇರುತ್ತದೆ. ಅಂಥ ಒಂದು ಪುಟಕ್ಕೆ ಕೆಂಪು ಗುರುತು ಹಾಕುತ್ತಿದ್ದವಳ ಕೈ ಹಾಗೇ ನಿಂತಿತು. ಎದ್ದು ಹೋಗಿ ಬಿಸಿಲಿನ ನೋಟ್‌ಬುಕ್ಕನ್ನೂ ಪ್ಲ್ಯಾನನ್ನೂ ತಂದು ಪಕ್ಕ ಪಕ್ಕ ಇಟ್ಟೆ. ನೋಟ್‌ಬುಕ್ಕಿನಲ್ಲಿ ಗೇಟಿನ ಕಡೆ, ಎಂದರೆ ಎಡಕ್ಕೆ, ನೆರಳು. ಪ್ಲ್ಯಾನಿನಲ್ಲಿ ನೆರಳಿನ ಗಿಡಗಳೆಲ್ಲ ಬಲತುದಿಗೆ. ಮೂವತ್ತೆರಡು ವರ್ಷದ ಅಭ್ಯಾಸದ ಕೈ, ಇಡೀ ಪಾತಿಯನ್ನು ಸ್ಟಾಂಪು ಕೆತ್ತಿದ ಹಾಗೆ ತಿರುಗಿಸಿ ಬರೆದಿಟ್ಟಿತ್ತು. ಹೆಸರುಗಳು ಮಾತ್ರ ನೇರ.

ತೋರಿಸಿದೆ. ಇವರು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಎರಡನ್ನೂ ಹೋಲಿಸಿ ನೋಡಿದರು.

"ಬಿಡು, ಕಾಂಕ್ರೀಟು ಹಾಕಲಿ," ಎಂದರು. "ನನ್ನ ಕೈಗೆ ಉಲ್ಟಾ ಬಿಟ್ಟು ಬೇರೇದು ಬರಲ್ಲ. ಆ ಕೆಲಸವೂ ಈಗ ಯಾರಿಗೂ ಬೇಡ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇವರ ಮೇಲೋ, ಆ ಯಂತ್ರಗಳ ಮೇಲೋ, ಆ ಕುರ್ಚಿಯ ಮೇಲೋ ಗೊತ್ತಿಲ್ಲ. ಪ್ಲ್ಯಾನನ್ನು ಇವರ ಕೈಯಿಂದ ಕಿತ್ತುಕೊಂಡು, ಹಿಂದುಮುಂದಾಗಿ ಕಿಟಕಿ ಗಾಜಿಗೆ ಒತ್ತಿ ಹಿಡಿದೆ. ಸಂಜೆಯ ಬೆಳಕಿಗೆ ಹಾಳೆಯ ಹಿಂಬದಿಯಿಂದ ಎಲ್ಲ ಗುರುತುಗಳೂ ಕಂಡವು. ನೆರಳಿನವು ಎಡಕ್ಕೆ, ಬಿಸಿಲಿನವು ಬಲಕ್ಕೆ, ಒಂದೂ ತಪ್ಪದೆ.

"ಇಲ್ಲಿ ನೋಡಿ ರೀ. ನಿಮ್ಮ ಪ್ಲ್ಯಾನು ತಪ್ಪಿಲ್ಲ. ಕೆತ್ತಿ ಇಟ್ಟಿದೀರಿ, ಇನ್ನೂ ಒತ್ತಿಲ್ಲ ಅಷ್ಟೆ."

ಇವರು ಗಾಜನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಗುವುದಕ್ಕೆ ಶುರುಮಾಡಿದರು. ಅಂಗಡಿ ಮುಚ್ಚಿದ ಮೇಲೆ ಆ ನಗು ನಾನು ಕೇಳಿದ್ದು ಅದೇ ಮೊದಲು. "ಮೊದಲನೇ ಚೌಕ ನಲವತ್ತಕ್ಕೆ, ಎರಡನೇದು ಮೂವತ್ತೊಂಬತ್ತಕ್ಕೆ," ಎಂದು ಬೆರಳು ಮಡಚಿದರು. "ಜೋಡಿ ಜೋಡಿಯಾಗಿ ಅದಲುಬದಲು ಮಾಡಿದ್ರೆ ಆಯ್ತು. ನಡುವಿನ ಗುಲಾಬೀನ ಮುಟ್ಟೋದೂ ಬೇಡ."

ಸಭೆಗೆ ಐವತ್ತು ದಿನ ಉಳಿದಿತ್ತು. ನರ್ಸರಿ ಅಕ್ಕ ಕೇಳಿ ಮನಸಾರೆ ಬೈದು, ಆಮೇಲೆ ದಾರಿ ಹೇಳಿದಳು: ಬಿಸಿಲಿಳಿದ ಮೇಲೆ ಕೀಳಬೇಕು, ಬೇರಿನ ಸುತ್ತ ಮಣ್ಣಿನ ಉಂಡೆ ಒಡೆಯಬಾರದು, ಸುಟ್ಟ ಎಲೆಗಳನ್ನು ಬುಡಕ್ಕೆ ಕತ್ತರಿಸಬೇಕು, ಬಳುಕಿದ ಚೆಂಡುಹೂವಿನ ತಲೆ ಚಿವುಟಿ ಕಾಂಡವನ್ನು ಆಳವಾಗಿ ಹೂಳಬೇಕು. ಮೊದಲ ಸಂಜೆ ನಾವು ಎರಡು ತುದಿಗಳಿಂದ ಕೆಲಸ ಹಿಡಿದೆವು. ಇವರು ಒಂದು ಕಡೆಯಿಂದ ಉಂಡೆ ಎತ್ತಿಕೊಂಡು ಬರುವುದು, ನಾನು ಇನ್ನೊಂದು ಕಡೆಯಿಂದ, ನಡುವೆ ಎದುರುಬದುರಾಗಿ ದಾಟುವುದು. ಮೇಲಿನ ಮನೆಯಾಕೆ ಬಾಲ್ಕನಿಯಿಂದ ಬಗ್ಗಿದಳು.

"ಏನಿದು, ನೆಟ್ಟಿದ್ದನ್ನೇ ಕೀಳ್ತಿದೀರಾ?"

ಇವರು ಮರೆಮಾಚಲಿಲ್ಲ. "ಉಲ್ಟಾ ನೆಟ್ಟಿದ್ದೆ ಕಣಮ್ಮ. ಈಗ ನೇರ ಮಾಡ್ತಿದೀನಿ."

ಆಕೆ ಬಾಲ್ಕನಿಯ ಕಂಬಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೆಳಗಿಳಿದು ಬಂದು, ಸ್ಕೂಟರು ತೊಳೆಯುವ ತನ್ನ ಉದ್ದನೆಯ ಪೈಪನ್ನು ಬಿಚ್ಚಿ, ನಾವು ನೆಟ್ಟ ಕಡೆಯೆಲ್ಲ ನೀರು ಬಿಟ್ಟಳು. ಎರಡನೇ ಸಂಜೆ ಕರೆಯದೆಯೇ ಬಂದಳು.

ಮೊದಲ ವಾರ ಎಲ್ಲವೂ ತಲೆ ಜೋತುಹಾಕಿಕೊಂಡಿದ್ದವು. ಇವರು ಮಾತ್ರ ಕುರ್ಚಿ ಕಡೆ ಸುಳಿಯಲಿಲ್ಲ. ಪಾತಿಯ ಪಕ್ಕದ ಒಂದು ಇಟ್ಟಿಗೆಯ ಮೇಲೆ ಕೂತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದರು. ಎಂಟನೇ ದಿನ ಚೆಂಡುಹೂವಿನ ಗಿಡಗಳು ನೆಟ್ಟಗಾದವು. ಹದಿನೈದನೇ ದಿನ ಜರೀಗಿಡದ ಬುಡದಲ್ಲಿ ಸುರುಳಿ ಸುತ್ತಿದ ಹಸಿರು ಚಿಗುರು ಕಾಣಿಸಿತು. ಇವರು ನನ್ನನ್ನು ಸ್ಕೂಲಿನ ಗೇಟಿನಿಂದಲೇ ಕರೆದುಕೊಂಡು ಬಂದು ತೋರಿಸಿದರು. ತಿಂಗಳಾಗುವಷ್ಟರಲ್ಲಿ ಮೊಗ್ಗುಗಳು ಎಷ್ಟಾದವೆಂದರೆ ಎಣಿಸುತ್ತಿದ್ದವರು ಎಣಿಕೆ ಬಿಟ್ಟರು.

ಸಭೆಯ ದಿನ ಅಧ್ಯಕ್ಷರು ಹೇಳಿದ ಹಾಗೆ ಕುರ್ಚಿಗಳನ್ನು ಪಾತಿಯ ಪಕ್ಕದಲ್ಲೇ ಹಾಕಿದರು. ಬಿಸಿಲಿನ ತುದಿಯಲ್ಲಿ ಕೇಸರಿ, ಹಳದಿ, ಕೆಂಪು ಒಂದರ ಮೇಲೊಂದು ಮುಗಿಬಿದ್ದಿದ್ದವು. ಹಿಂದೆ ದಾಸವಾಳ ಗೋಡೆಗಿಂತ ಎತ್ತರಕ್ಕೆ ಇಣುಕುತ್ತಿತ್ತು. ನಡುವೆ ಗುಲಾಬಿ. ಗೇಟಿನ ಕಡೆ, ನಾವೆಲ್ಲ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಆ ಕತ್ತಲೆ ಮೂಲೆಯಲ್ಲಿ, ಜರೀಗಿಡಗಳು ಉಕ್ಕಿ ಬಂದು ಕಲ್ಲಿನ ಅಂಚನ್ನು ಮುಚ್ಚಿದ್ದವು. ಜನ ಕುರ್ಚಿಗಳನ್ನು ಅಧ್ಯಕ್ಷರ ಕಡೆಗಲ್ಲದೆ ಹೂವಿನ ಕಡೆಗೆ ತಿರುಗಿಸಿಕೊಂಡು ಕೂತರು. ನಾನು ನಮ್ಮವರನ್ನೇ ನೋಡುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಉಗುರಿನಲ್ಲಿ ಮಣ್ಣು.

ಅಧ್ಯಕ್ಷರು ಕೆಮ್ಮಿ, "ಕಾಂಕ್ರೀಟು ಬೇಕು ಅನ್ನೋರು ಕೈ ಎತ್ತಿ," ಎಂದರು.

ಒಂದು ಕೈಯೂ ಮೇಲೇಳಲಿಲ್ಲ. ಮೇಲಿನ ಮನೆಯಾಕೆ ತನ್ನ ಎರಡು ಕೈಗಳನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಎಲ್ಲರನ್ನೂ ಗುರಾಯಿಸಿ ನೋಡುತ್ತಿದ್ದಳು. ಅಧ್ಯಕ್ಷರು ಜೇಬಿನಿಂದ ಒಂದು ಚೀಟಿ ತೆಗೆದು, "ಮುಂದಿನ ಅಂಗಳದಲ್ಲಿ ಗಾಡಿಗಳನ್ನ ಓರೆಯಾಗಿ ನಿಲ್ಲಿಸಿದ್ರೆ ಎಲ್ಲವೂ ಹಿಡಿಸುತ್ತೆ. ಹೋದ ವಾರವೇ ಅಳೆದು ನೋಡಿದೆ," ಎಂದರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ.

"ಇದಕ್ಕೆ ಮಾಸ್ಟರ ಹೆಸರಿನ ಬೋರ್ಡು ಹಾಕೋಣ," ಎಂದು ಮೇಲಿನ ಮನೆಯಾಕೆ ಹೇಳಿದಾಗ ಎಲ್ಲರೂ ಹೌದು ಹೌದು ಎಂದರು. ನಮ್ಮವರು ಎದ್ದು ನಿಂತರು.

"ಹೆಸರು ಬೇಡ. ಮೂವತ್ತೆರಡು ವರ್ಷ ಹೆಸರು ಕೆತ್ತಿದೀನಿ, ಒಂದೂ ಚಿಗುರಲಿಲ್ಲ. ಇದಕ್ಕೆ ನೀರು ಬೇಕು. ಮನೆ ಹನ್ನೆರಡಿದೆ, ಸರದಿ ಮಾಡ್ಕೊಳ್ಳೋಣ. ಸೋಮವಾರ ಯಾರು?"

ಅಧ್ಯಕ್ಷರು ಅಂಗಿ ಸರಿಮಾಡಿಕೊಂಡು ಎದ್ದರು.

"ಸೋಮವಾರ ನಾನು."

"ಬೆಳಿಗ್ಗೆ ಆರಕ್ಕೆ," ಎಂದರು ನಮ್ಮವರು. "ಬಿಸಿಲೇರಿದ ಮೇಲೆ ಬಂದ್ರೆ ನಡೆಯಲ್ಲ."

ಜೀವಮಾನವೆಲ್ಲ ಬೇರೆಯವರಿಗೆ ಟೈಮು ಹೇಳಿದ್ದ ಅಧ್ಯಕ್ಷರು ಚೀಟಿಯ ಹಿಂದೆ ಅದನ್ನು ಬರೆದುಕೊಂಡು, "ಆಯ್ತು ಸಾರ್," ಎಂದರು.